ಏಳನೆಯ ಬಟ್ಟಲು

ಸಾವಾದ ಮನೆಯಲ್ಲಿ ಹನ್ನೊಂದು ದಿನ ಒಗ್ಗರಣೆಯ ಸಪ್ಪಳ ಕೇಳಬಾರದು. ಗುಡ್ಡಸಾಲಿನ ಮೇಲೆ ನೂರಿಪ್ಪತ್ತು ಗಾಳಿಯಂತ್ರಗಳು ನಿಂತು ಮೂವತ್ತು ವರ್ಷವಾಗಿದ್ದರೂ, ಮನುಷ್ಯನ ದುಃಖವನ್ನೇ ಆರಿಸುವ ಯಂತ್ರ ಬಂದು ಆರು ವರ್ಷವಾಗಿದ್ದರೂ, ಈ ಪದ್ಧತಿಯನ್ನು ಮಾತ್ರ ಯಾರೂ ಬಿಟ್ಟಿರಲಿಲ್ಲ. ಆದ್ದರಿಂದ ಕಳಕೇಶನ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಅವನ ತಾಯಿ ಸಂಕವ್ವ ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದಾಗ, ಅವನು ಸತ್ತ ದಿನದಿಂದ ಆ ಡಬ್ಬಿಯನ್ನು ಯಾರೂ ಮುಟ್ಟಿರಲಿಲ್ಲ.

ಡಬ್ಬಿಯಲ್ಲಿ ಏಳು ಬಟ್ಟಲು. ಆರರಲ್ಲಿ ಸಾಸಿವೆ, ಜೀರಿಗೆ ಮೊದಲಾದವು ಇದ್ದವು. ನಟ್ಟನಡುವಿನ ಏಳನೆಯದರಲ್ಲಿ ಒಂದು ಹಿತ್ತಾಳೆಯ ಕೀಲಿಕೈ ಇತ್ತು.

"ನೀಲಾ, ಇದೇನ ಇಲ್ಲೆ?"

ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಸೊಸೆ ನೀಲಗಂಗಾ ತಲೆಯೆತ್ತಿದಳು. "ಅದಾ? ನಿಮ್ಮ ಮಗನ ಕೀಲಿಕೈ ಅತ್ತಿ. ಅವರ ಬೀಗದ್ದು, ಅರವತ್ತೇಳನೇ ನಂಬರು."

"ವಗ್ಗರಣಿ ಡಬ್ಬ್ಯಾಗ ಯಾಕೈತಿ?"

"ದಿನಾ ಮುಂಜಾನಿ ನನ್ನ ಕೈಯಾಗ ಕೊಟ್ಟ ಹೋಗ್ತಿದ್ರು. ಮಧ್ಯಾಹ್ನ ಉಣ್ಣಾಕ ಬಂದಾಗ ಒಯ್ತಿದ್ರು."

"ಅವತ್ತೂ ಕೊಟ್ಟಿದ್ನ?"

"ಹೂಂ. ಅವತ್ತೂ."

ಈ ದಿನ ಮಂಗಳವಾರ ಎಂದು ಹೇಳುವ ಧಾಟಿಯಲ್ಲಿ ಆಕೆ ಆ ಮಾತನ್ನು ಹೇಳಿದಳು. ಸಂಕವ್ವನ ಕೈಯಲ್ಲಿದ್ದ ಸೌಟು ಕಟ್ಟೆಯ ಮೇಲೆ ಬಿತ್ತು.

"ಮಗಳ, ನಿನಗೇನ ಆಗೇತಿ? ತನ್ನ ಕೀಲಿ ತಾನ ತಗದಾನ ಅಂತ ಕಂಪನಿಯವ್ರು ಬರದಾರ. ಕೀಲಿಕೈ ಕಂದಕದಾಗ ಬಿದ್ದೇತಿ, ಸಿಗಲಿಲ್ಲ ಅಂತ ಬರದಾರ. ನಮ್ಮ ಸಾಸಿವಿ ಮಗ್ಗಲಕ ಇದ್ದ ಕೀಲಿಕೈ ಕಂದಕಕ್ಕ ಹೆಂಗ ಹಾರಿತು? ಹಂಗಾರ ಕೀಲಿ ತಗದಾವ ಯಾವಾ?"

ಈಳಿಗೆಯ ಮೇಲೆ ನೀಲಗಂಗಾಳ ಕೈ ನಿಂತಿತು. ಒಂದು ತಲೆಯೊಳಗೆ ಎರಡು ಸಂಗತಿಗಳು ಒಂಬತ್ತು ದಿನ ಒಂದನ್ನೊಂದು ಮುಟ್ಟದೆ ಕುಳಿತಿದ್ದವು. ಕೀಲಿಕೈ ಮನೆಯಲ್ಲಿದೆಯೆಂದು ಆಕೆಗೆ ಗೊತ್ತಿತ್ತು. ಕಳಕೇಶ ತನ್ನ ಬೀಗವನ್ನು ತಾನೇ ತೆಗೆದನೆಂಬ ವರದಿಯನ್ನು ಆಕೆ ಓದಿದ್ದಳು, ತಲೆಯಾಡಿಸಿದ್ದಳು. ಅವೆರಡೂ ಕೂಡಿ ಬಾಳಲಾರವೆಂದು ಆಕೆಗೆ ಹೊಳೆದಿರಲೇ ಇಲ್ಲ.

ಏಕೆ ಹೊಳೆಯಲಿಲ್ಲ ಎಂಬುದು ಮರುಕ್ಷಣವೇ ತಿಳಿಯಿತು. ದುಃಖ ಆರಿಸುವ ಆ ಯಂತ್ರ ತನ್ನನ್ನೂ ಮುಟ್ಟಿತ್ತು.

ಸಮೀರ ಸಂಸ್ಥೆಯ ಗಾಳಿಯಂತ್ರಗಳಿಗೆ ಊರಿನವರು ಫ್ಯಾನು ಎನ್ನುತ್ತಿದ್ದರು. ಫ್ಯಾನು ಹತ್ತುವ ಕೆಲಸಗಾರರಿಗೆ ಒಂದು ನಿಯಮವಿತ್ತು. ಹತ್ತುವವನು ಕಂಬದ ಬುಡದ ಬ್ರೇಕಿಗೆ ತನ್ನದೇ ಬೀಗ ಜಡಿಯಬೇಕು. ಒತ್ತಿದರೆ ಮುಚ್ಚುವ ಆ ಬೀಗ ತೆಗೆಯಲು ಒಂದೇ ಕೀಲಿಕೈ, ಅದು ಹತ್ತುವವನ ಕೊರಳಲ್ಲಿರಬೇಕು. ಅವನು ಕೆಳಗಿಳಿದು ತಾನೇ ತೆಗೆಯುವವರೆಗೆ ರೆಕ್ಕೆಗಳು ತಿರುಗಕೂಡದು.

ಈ ನಿಯಮವನ್ನು ಇವರಿಬ್ಬರೂ ಪ್ರೀತಿಯಿಂದ ಮುರಿದಿದ್ದರು. ಮದುವೆಯಾದ ಮೊದಲ ತಿಂಗಳು ಕಳಕೇಶ ಮಧ್ಯಾಹ್ನದ ಊಟ ಬಿಟ್ಟು ಒಂದರ ಮೇಲೊಂದು ಫ್ಯಾನು ಹತ್ತುತ್ತಿದ್ದ. "ಕೀಲಿಕೈ ಇಲ್ಲೆ ಇಟ್ಟು ಹೋಗ್ರಿ. ಮನಿಗೆ ಬಂದು ಉಂಡ ಮ್ಯಾಲೇ ಒಯ್ರಿ," ಎಂದು ನೀಲಗಂಗಾ ಹಟ ಹಿಡಿದಳು. ಅಂದಿನಿಂದ ನಾಲ್ಕು ವರ್ಷ, ಅವನು ಬೀಗ ಜಡಿದು ಹತ್ತುತ್ತಿದ್ದ, ಇಳಿದು ಗುಡ್ಡದ ಬುಡದ ಮನೆಗೆ ಬರುತ್ತಿದ್ದ, ಉಂಡು ಕೀಲಿಕೈ ಒಯ್ದು ಬೀಗ ತೆಗೆಯುತ್ತಿದ್ದ. ಅಲ್ಲಿಯತನಕ ಅವನು ಹತ್ತಿದ ಫ್ಯಾನು ಸುಮ್ಮನೆ ನಿಂತಿರುತ್ತಿತ್ತು. "ಗಂಡ ಹೆಂಡತಿ ಉಣ್ಣೂತನಕ ಗಾಳಿ ಕಾಯಬೇಕೇನು?" ಎಂದು ನಿಯಂತ್ರಣ ಕೊಠಡಿಯವರು ಗೊಣಗುತ್ತಿದ್ದರು.

ಆ ದಿನ ನಡೆದದ್ದು ಈಗ ಆಕೆಗೆ ಕಣ್ಣಿಗೆ ಕಟ್ಟಿತು. ಒಂದು ಗಂಟೆಗೆ ಒಳ್ಳೆಯ ಗಾಳಿ ಬಂದಿತ್ತು. ಬೀಗ ಇನ್ನೂ ಜಡಿದಿತ್ತು. ಇವನು ಎಂದಿನಂತೆ ಊಟಕ್ಕೆ ಹೋಗಿರಬೇಕೆಂದು ಯಾರೋ ಅಂದುಕೊಂಡರು. ಇರಕೂಡದಿದ್ದ ಎರಡನೆಯ ಕೀಲಿಕೈಯಿಂದ ಬೀಗ ತೆಗೆದರು. ಒಂದು ಬೋಲ್ಟು ಮುಗಿಸಿಯೇ ಇಳಿಯೋಣವೆಂದು ಕಳಕೇಶ ಇನ್ನೂ ಮೇಲೆಯೇ ಇದ್ದ. ರೆಕ್ಕೆಗಳು ತಿರುಗಿದವು.

"ಅತ್ತಿ," ಎಂದಳು ನೀಲಗಂಗಾ. "ಕೀಲಿಕೈ ಅವರ ಕೊಳ್ಳಾಗ ಇದ್ದಿದ್ರ ಊಟಕ್ಕ ಹೋಗ್ಯಾರ ಅಂತ ಯಾರೂ ತಿಳೀತಿರಲಿಲ್ಲ. ನನ್ನ ಹಟ ಇದು."

ಸಂಕವ್ವ ಬಿದ್ದ ಸೌಟನ್ನು ಎತ್ತಿಟ್ಟಳು. "ಉಣ್ಣಾಕ ಕರದಾಕಿ ನೀನು. ತಿರುಗಿಸಿದಾವ ಬ್ಯಾರೆ. ನಿನ್ನ ತಪ್ಪಿನ ಮರ್ಯಾಗ ಅವ ಅಡಗಬಾರದು."

ಇಷ್ಟಾದರೂ ನೀಲಗಂಗಾಳ ಎದೆಯಲ್ಲಿ ಏನೂ ಹೊತ್ತಿಕೊಳ್ಳಲಿಲ್ಲ. ಅದೇ ಆಕೆಯನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಆಕೆ ಸಂಸ್ಥೆಯ ಆಸ್ಪತ್ರೆಯಲ್ಲಿ ಶಮನಿ ಎಂಬ ಯಂತ್ರ ನಡೆಸುವವಳು. ನೆನಪೆಂಬುದು ಕಲ್ಲಿನ ಮೇಲಿನ ಶಾಸನವಲ್ಲ. ಪ್ರತಿ ಸಲ ಹೊರತೆಗೆದಾಗಲೂ ಅದು ಕೆಲವು ನಿಮಿಷ ಹಸಿಮಣ್ಣಾಗಿ, ಮತ್ತೆ ಒಣಗಿ ಗಟ್ಟಿಯಾಗುತ್ತದೆ. ಆ ಹಸಿಯ ಹೊತ್ತಿನಲ್ಲಿ ತಲೆಗೆ ತೊಡಿಸಿದ ಕಿರೀಟದಿಂದ ಕಾಂತೀಯ ಮಿಡಿತ ಹರಿಸಿದರೆ, ನೆನಪಿನ ಸಂಗತಿ ಉಳಿದು ಅದರ ಕಾವು ಮಾತ್ರ ಆರುತ್ತದೆ. ಮೂರು ಸರದಿಗೆ ಪೂರ್ತಿ ತಣ್ಣಗಾಗುತ್ತದೆ. ಆದರೆ ಯಾವ ನೆನಪು ಎಂಬುದು ಯಂತ್ರಕ್ಕೆ ತಿಳಿಯದು. ಯಾವುದೋ ಒಂದು ಕಾದಿದೆ ಎಂಬುದಷ್ಟೇ ಪರದೆಯ ಮೇಲೆ ಕೆಂಪು ಚುಕ್ಕೆಯಾಗಿ ಕಾಣುತ್ತದೆ. ಯಾವುದನ್ನು ಹೊರತೆಗೆಯಬೇಕೆಂದು ಆರಿಸುವವರು ಪ್ರಶ್ನೆ ಕೇಳುವವರು.

ಕಳಕೇಶ ಸತ್ತ ಮೂರನೆಯ ದಿನ ಸಂಸ್ಥೆಯ ವೈದ್ಯೆ ಡಾಕ್ಟರ್ ಮಂದಾಕಿನಿ ಪಡಸಲಗಿ ತಾವೇ ಕಾರು ಕಳಿಸಿ ನೀಲಗಂಗಾಳನ್ನು ಕರೆಸಿಕೊಂಡು ಮೊದಲ ಸರದಿ ಮುಗಿಸಿದ್ದರು.

ಆ ಮಧ್ಯಾಹ್ನ ನೀಲಗಂಗಾ ಆಸ್ಪತ್ರೆಗೆ ಹೋಗಿ, ತನ್ನದೇ ಕಪಾಟಿನಿಂದ ಪ್ರಶ್ನಾವಳಿ ತೆಗೆದು ಮೊದಲ ಸಲ ಓದುವವಳಂತೆ ಓದಿದಳು. ಆ ದಿನ ಬೆಳಿಗ್ಗೆ ಏನು ನಡೆಯಿತು? ಯಾರು ಏನೆಂದರು? ಯಾವ ಸಲಕರಣೆ ಕೆಟ್ಟಿತ್ತು? ನೀವು ಯಾರ ತಪ್ಪೆಂದು ತಿಳಿದಿರುವಿರಿ?

ಬರಿದಾದ ಹಾಸಿಗೆಯ ಬಗ್ಗೆ ಒಂದೂ ಪ್ರಶ್ನೆಯಿರಲಿಲ್ಲ. ಗೂಟಕ್ಕೆ ತೂಗಿದ ಅಂಗಿಯ ಬಗ್ಗೆ ಇರಲಿಲ್ಲ. ಬಾಗಿಲ ಹೊರಗಿನ ಚಪ್ಪಲಿ ಕಂಡು ಆ ಬೆಳಿಗ್ಗೆಯೂ ಆಕೆ ಕುಸಿದು ಕುಳಿತು ಅತ್ತಿದ್ದಳು. ಅಳು ಇಡಿಯಾಗಿ ಉಳಿದಿತ್ತು, ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಯಂತ್ರ ಒಯ್ದದ್ದು ಸಿಟ್ಟನ್ನು ಮಾತ್ರ. ದುಃಖದ ಹೆಸರಿನಲ್ಲಿ ಒಳಗೆ ಬಂದು, ದುಃಖವನ್ನು ಹಾಗೆಯೇ ಬಿಟ್ಟು, ಸಾಕ್ಷಿಯನ್ನು ಹೊತ್ತು ಹೋಗಿತ್ತು.

ಐದು ವರ್ಷಗಳಲ್ಲಿ ಆಕೆ ನಲವತ್ತಮೂರು ಮಂದಿಯನ್ನು ಆ ಕುರ್ಚಿಯಲ್ಲಿ ಕೂರಿಸಿದ್ದಳು. ಅವರಲ್ಲಿ ಹುಸೇನಬಿಯ ನೆನಪು ಬಂತು. ಗಂಡ ಬಿದ್ದು ಸತ್ತಾಗ ಆಕೆ, "ಹಗ್ಗ ಕೊಳತಿತ್ತು, ಕೊಳತದ್ದು ನಿಮಗ ಗೊತ್ತಿತ್ತು!" ಎಂದು ಆಸ್ಪತ್ರೆಯ ಗೋಡೆ ನಡುಗುವಂತೆ ಕೂಗಿದ್ದಳು. ಮೂರು ಸರದಿಯಾದ ಮೇಲೆ, "ಹಗ್ಗ ಕೊಳತಿತ್ತಂತರೀ," ಎಂದು ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಇಂದಿಗೂ ಪ್ರತಿ ಶುಕ್ರವಾರ ಗೋರಿಯ ಮುಂದೆ ಕುಳಿತು ಅಳುತ್ತಾಳೆ. ಆ ಪ್ರಶ್ನೆಗಳನ್ನು ಮೆತ್ತಗಿನ ದನಿಯಲ್ಲಿ ಕೇಳಿದವಳು ಈ ನೀಲಗಂಗಾ. ಗುಂಡಿ ಒತ್ತಿದ್ದು ಈ ಕೈ.

ಆಗ ಹೊತ್ತಿಕೊಂಡಿತು. ಆ ಬೆಳಗಿನ ಸಿಟ್ಟನ್ನು ಯಂತ್ರ ಒಯ್ದಿತ್ತು, ನಿಜ. ಒಯ್ದದ್ದರ ಮೇಲಿನ ಸಿಟ್ಟು ಹೊಸದು, ಅದನ್ನು ಯಾವ ಮಿಡಿತವೂ ಇನ್ನೂ ಮುಟ್ಟಿರಲಿಲ್ಲ. ಆಕೆ ಪ್ರಶ್ನಾವಳಿಯನ್ನು ಮಡಚಿ ಎದೆಗವಚಿಕೊಂಡಳು. ಹಲ್ಲು ಕಚ್ಚಿದ ರಭಸಕ್ಕೆ ದವಡೆ ನೋಯುತ್ತಿತ್ತು. ಆ ನೋವೂ ಹಿತವೆನಿಸಿತು.

ಮರುದಿನ ಹನ್ನೊಂದು ಗಂಟೆಗೆ ತನಿಖೆ. ಕಾರ್ಮಿಕ ಇಲಾಖೆಯ ಅಧಿಕಾರಿ ಇಮಾಮಸಾಬ ನದಾಫ ಬಂದು ಅತಿಥಿಗೃಹದಲ್ಲಿ ಇಳಿದಿದ್ದರು. ಅದಕ್ಕೆ ಸರಿಯಾಗಿ ಒಂದು ಗಂಟೆ ಮೊದಲು, ಹತ್ತಕ್ಕೆ, ನೀಲಗಂಗಾಳ ಎರಡನೆಯ ಸರದಿ.

"ಕೀಲಿಕೈ ತಗೊಂಡ ಹೋಗಿ ಸಾಹೇಬ್ರ ಮುಂದ ಇಡೂಣು. ಮುಗೀತಲ್ಲ," ಎಂದಳು ಸಂಕವ್ವ.

"ಇಟ್ರ, 'ಇದು ನಕಲಿ, ಹೆಂಡ್ತಿ ಮಾಡಿಸ್ಯಾಳ' ಅಂತಾರ ಅತ್ತಿ. ಎರಡನೇ ಕೀಲಿಕೈ ಅವರ ಹತ್ರ ಐತಿ ಅಂತ ನಾವು ಹೇಳಿದ್ರ ಆಗೂದಿಲ್ಲ. ಅವರ ಕೈಲೇ ತಗಸಬೇಕು."

"ಹೆಂಗ?"

ನೀಲಗಂಗಾ ಗಂಡನ ವಸ್ತುಗಳ ಜೊತೆ ಸಂಸ್ಥೆ ಹಿಂತಿರುಗಿಸಿದ್ದ ಪೊಟ್ಟಣವನ್ನು ಬಿಚ್ಚಿದಳು. ಗಡಿಯಾರ, ಬೆಲ್ಟು, ಅವುಗಳ ಕೆಳಗೆ ಅಂಗೈ ಅಗಲದ ಉಕ್ಕಿನ ಬೀಗ. ಅದರ ಬೆನ್ನ ಮೇಲೆ ಅರವತ್ತೇಳು ಎಂದು ಕೊರೆದಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಆಕೆ ಆಸ್ಪತ್ರೆಗೆ ಹೋದಳು. ಸಂಸ್ಥೆಯ ಪ್ರತಿಯೊಂದು ದೊಡ್ಡ ಸ್ವಿಚ್ಚಿಗೂ ಬೀಗದ ತೂತಿತ್ತು. ಶಮನಿಯ ಸ್ವಿಚ್ಚಿಗೂ ಇತ್ತು. ಹಿಡಿಕೆಯನ್ನು ಕೆಳಗೆಳೆದು, ಕಳಕೇಶನ ಬೀಗ ಜಡಿದಳು. ಕೀಲಿಕೈಯನ್ನು ಸಂಕವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅತಿಥಿಗೃಹಕ್ಕೆ ಹೊರಟಳು.

ಹತ್ತಾಯಿತು. ಡಾಕ್ಟರ್ ಪಡಸಲಗಿ ಒಳಬಂದರು. ಅವರ ದನಿ ಯಾವಾಗಲೂ ಹೂವಿನಷ್ಟು ಹಗುರ.

"ಬಾ ತಂಗಿ. ನಿದ್ದಿ ಬಂತ? ಅಯ್ಯ, ಇದ್ಯಾಕ ಹಿಂಗ?" ಅವರ ದೃಷ್ಟಿ ಬೀಗದ ಮೇಲೆ ನಿಂತಿತು.

ನೀಲಗಂಗಾ ತಲೆ ತಗ್ಗಿಸಿದಳು. "ಅಂಜಿಕಿ ಬಂತ್ರಿ ಡಾಕ್ಟರಬಾಯಿ. ಅವರನ್ನ ಮರತುಬಿಡ್ತೀನೇನೋ ಅಂತ ಅಂಜಿ ಮುಂಜಾನಿ ಬಂದು ಹಾಕಿಬಿಟ್ಟೆ. ಈಗ ತಪ್ಪು ಅನಸಾಕ ಹತ್ತೇತಿ. ಎದಿ ಉರೀತೈತ್ರಿ. ಕುಂಡ್ರಸ್ರಿ ನನ್ನ."

"ಹುಚ್ಚಿ. ಕೀಲಿಕೈ ಎಲ್ಲೈತಿ?"

"ಅತ್ತಿ ಹತ್ರ. ಅವರು ಬೆಳಕ ಹರಿಯೂತ್ಲೇ ಹೊರಗ ಹೋಗ್ಯಾರ."

ಸಿಗಲಿಲ್ಲವೆಂದು ತಾವೇ ಬರೆಸಿದ್ದ ಕೀಲಿಕೈ ಆ ಮುದುಕಿಯ ಬಳಿ ಹೇಗೆ ಬಂತೆಂಬ ಪ್ರಶ್ನೆ ಪಡಸಲಗಿಯ ಹಣೆಯ ಮೇಲೆ ಎದ್ದು ಕಂಡಿತು. ಗಡಿಯಾರ ನೋಡಿದರು. ಈ ಹೆಂಗಸು ಕೀಲಿಕೈಯ ಮಾತನ್ನು ಹನ್ನೊಂದಕ್ಕೆ ತನಿಖೆಯಲ್ಲಿ ಆಡುವ ಮೊದಲು ಅದು ತಣ್ಣಗಾಗಲೇಬೇಕು. ಕಾರ್ಯಾಗಾರಕ್ಕೆ ಫೋನು ಮಾಡಿದರು. ಆ ಉಕ್ಕನ್ನು ಕೊಯ್ಯಲು ಒಂದು ತಾಸು ಬೇಕೆಂದು ಉತ್ತರ ಬಂತು.

ನೀಲಗಂಗಾ ತಾನಾಗಿಯೇ ಕುರ್ಚಿಯಲ್ಲಿ ಕುಳಿತು, ಕಿರೀಟ ತೊಟ್ಟು, ಕಣ್ಣು ಮುಚ್ಚಿದಳು. ನಲವತ್ತಮೂರು ಮಂದಿ ಹೀಗೆಯೇ ಕುಳಿತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಯಾವುದರ ಮೇಲೂ ಸಿಟ್ಟಿರದ ಹೆಂಗಸಿನ ಮುಂದೆ ಮುಚ್ಚಿಡುವುದು ಏನಿದೆ? ಪಡಸಲಗಿ ಅವಳಿಗೆ ಕೇಳುವಂತೆಯೇ ಎರಡನೆಯ ಫೋನು ಮಾಡಿದರು.

"ಹಿರೇಗೌಡ್ರ, ಅರವತ್ತೇಳರ ಇನ್ನೊಂದು ಕೀಲಿಕೈ ತಗೊಂಡು ಬರ್ರಿ. ಹೌದು, ಈಗಲೇ."

ನಿಯಂತ್ರಣ ಕೊಠಡಿಯ ಮುಖ್ಯಸ್ಥ ಹಿರೇಗೌಡರ ಬಂದ. ಅವನ ಕೈಯಲ್ಲಿ ದೊಡ್ಡ ಬಳೆ, ಬಳೆಯ ತುಂಬ ಕೀಲಿಕೈಗಳು, ನೂರಿಪ್ಪತ್ತೋ ಏನೋ. ರೆಪ್ಪೆಗಳ ಸಂದಿಯಿಂದ ನೀಲಗಂಗಾ ನೋಡಿದಳು. ಅಷ್ಟು ಕೀಲಿಕೈಗಳ ನಡುವೆ ಅವನ ಬೆರಳು ಅರವತ್ತೇಳನ್ನು ಹುಡುಕಲಿಲ್ಲ, ನೇರವಾಗಿ ಹೋಗಿ ಹಿಡಿಯಿತು. ಎಷ್ಟು ಸಲ ಹಿಡಿದಿರಬೇಕು ಅದು! ಬಳೆಯಿಂದ ಕೀಲಿಕೈ ಬಿಡಿಸಿಕೊಂಡು, ಬೀಗಕ್ಕೆ ಹಾಕಿ ತಿರುಗಿಸಿದ. ಬೀಗ ತೆರೆದುಕೊಂಡಿತು. ಹಿಡಿಕೆ ಮೇಲೆ ಹೋಯಿತು. ಯಂತ್ರ ಗುಂಯ್‌ಗುಟ್ಟಿತು.

ಹತ್ತು ಗಂಟೆ ಇಪ್ಪತ್ತೆರಡು ನಿಮಿಷ. ಅತ್ತೆ ಕರೆತರಬೇಕಿದ್ದ ನದಾಫ ಸಾಹೇಬರು ಇನ್ನೂ ಬರಲಿಲ್ಲ.

"ಹೇಳು ತಂಗಿ. ಆ ಮುಂಜಾನಿ ಕೀಲಿಕೈ ಎಲ್ಲಿತ್ತು? ಯಾರ ತಪ್ಪು ಅನಸ್ತೈತಿ ನಿನಗ?"

ಇದೇ ಗಂಡಾಂತರದ ಘಳಿಗೆ. ನೆನಪನ್ನು ಹೊರತೆಗೆಯದಿದ್ದರೆ ಪರದೆಯಲ್ಲಿ ಕೆಂಪು ಚುಕ್ಕೆ ಮೂಡುವುದಿಲ್ಲ. ಪಡಸಲಗಿಗೆ ಸಂಶಯ ಬರುತ್ತದೆ, ಬೀಗ ಮತ್ತು ಎರಡನೆಯ ಕೀಲಿಕೈ ಎರಡೂ ಇಲ್ಲಿಂದ ಮಾಯವಾಗುತ್ತವೆ. ಕೇಳಿದ್ದನ್ನು ಹೊರತೆಗೆದರೆ ಸಿಟ್ಟು ಆರುತ್ತದೆ. ಸಾಹೇಬರು ಬಂದಾಗ ಕುರ್ಚಿಯಲ್ಲಿ ಇನ್ನೊಬ್ಬ ಹುಸೇನಬಿ ಕುಳಿತಿರುತ್ತಾಳೆ. ಯಂತ್ರಕ್ಕೆ ಏನಾದರೂ ಬಲಿ ಕೊಡಲೇಬೇಕು. ಅಷ್ಟೇ ಕಾವಿನದು, ಆದರೆ ಸಿಟ್ಟಲ್ಲದ್ದು.

ಅಂಥದ್ದು ಆಕೆಯ ಬಳಿ ಒಂದೇ ಇತ್ತು.

ಬಾಯಿ ಆ ಸತ್ತ ದಿನದ ಬೆಳಗನ್ನು ಹೇಳತೊಡಗಿತು. ಕೀಲಿಕೈ ಕೊಟ್ಟು ಹೋದರು, ನಾನು ರೊಟ್ಟಿ ಬಡಿಯುತ್ತಿದ್ದೆ. ಮನಸ್ಸು ಮಾತ್ರ ರೋಣದ ಬಸ್‌ನಿಲ್ದಾಣಕ್ಕೆ ಓಡಿತು. ಐದು ವರ್ಷದ ಹಿಂದೆ ಇದೇ ಆಸ್ಪತ್ರೆಯ ಈ ಹುದ್ದೆಯ ಸಂದರ್ಶನಕ್ಕೆ ಆಕೆ ಹೊರಟ ದಿನ. ಗಾಳಿಗೆ ಕಾಗದಗಳೆಲ್ಲ ಹಾರಿದ್ದವು. ಗುರುತಿಲ್ಲದ ಒಬ್ಬ ಉದ್ದನೆಯ ಮನುಷ್ಯ ಬಸ್ಸುಗಳ ನಡುವೆ ಓಡಿ ಅವನ್ನೆಲ್ಲ ಆರಿಸಿ ತಂದ. "ಅಂಜಬ್ಯಾಡ್ರಿ, ಗಾಳಿ ನಮ್ಮ ಮನಿ ನಾಯಿ ಇದ್ದಂಗ, ಕರದ್ರ ಬರ್ತೈತಿ," ಎಂದ. ಹಸಿದಿದ್ದಾಳೆಂದು ಮಂಡಕ್ಕಿಯ ಗಿರಮಿಟ್ಟು ತಂದುಕೊಟ್ಟ. ಆಕೆ ಬಾಯಿಗಿಡುವ ಮೊದಲು ಪೊಟ್ಟಣ ಕಸಿದುಕೊಂಡು, "ಸಂದರ್ಶನಕ್ಕ ಹೊಂಟೀರಿ, ಬಾಯಿ ವಾಸನಿ ಬಂದೀತು," ಎಂದು ಉಳ್ಳಾಗಡ್ಡಿಯ ಚೂರುಗಳನ್ನು ಒಂದೊಂದಾಗಿ, ಮುತ್ತು ಆರಿಸುವವನಂತೆ, ಆರಿಸಿ ಆರಿಸಿ ತಾನೇ ತಿಂದ. ಅವನ ಬೆರಳು, ಆ ಬಿಸಿಲು, ತನ್ನ ನಗು.

ಪರದೆಯಲ್ಲಿ ಚುಕ್ಕೆ ಕೆಂಡದಂತೆ ಹೊಳೆಯಿತು. "ಭಾಳ ಕಾದೇತಿ," ಎಂದು ಪಡಸಲಗಿ ಗುಂಡಿ ತಿರುಗಿಸಿದರು.

ಮೊದಲು ಬಿಸಿಲು ಹೋಯಿತು. ಹೋಗುವುದು ಆಕೆಗೆ ಗೊತ್ತಾಯಿತು. ಒಲೆಯಿಂದ ಒಂದೊಂದೇ ಕೊಳ್ಳಿಯನ್ನು ಯಾರೋ ಹಿಂದಕ್ಕೆ ಎಳೆದಂತಿತ್ತು. ಆಮೇಲೆ ಅವನ ದನಿಯೊಳಗಿನ ತುಂಟತನ ಹೋಯಿತು. ಬಿಡಬೇಡ, ಬಿಡಬೇಡ ಎಂದು ಒಳಗೆ ಯಾರೋ ಚೀರುತ್ತಿದ್ದರು. ಮೂರು ಸರದಿಗೆ ಹೋಗಬೇಕಾದದ್ದು ಒಂದೇ ಸರದಿಗೆ ಹೋಗುವಷ್ಟು ಮಿಡಿತವನ್ನು ಪಡಸಲಗಿ ಹರಿಸುತ್ತಿದ್ದರು. ಆಕೆ ಕುರ್ಚಿಯ ಕೈ ಹಿಡಿದು, ಆ ದಿನವನ್ನು ಮತ್ತೆ ಮತ್ತೆ ಮುಂದೆ ಹಿಡಿದಳು. ತಗೋ. ಇದನ್ನೇ ತಗೋ. ಬೇರೆ ಯಾವುದನ್ನೂ ಕೊಡುವುದಿಲ್ಲ.

ಕಡೆಯಲ್ಲಿ ಚುಕ್ಕೆ ಬೂದಿಯ ಬಣ್ಣಕ್ಕೆ ತಿರುಗಿತು.

"ಆತು ನೋಡು. ಈಗ ಹೆಂಗನಸ್ತೈತಿ?"

ನೀಲಗಂಗಾ ಕಣ್ಣು ತೆರೆಯುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಮುಂದೆ ಸಂಕವ್ವ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಹಿಂದೆ ಒಣಕಲು ಮೈಯ, ದಪ್ಪ ಕನ್ನಡಕದ ನದಾಫ.

"ಹನ್ನೊಂದಕ್ಕ ಬರ್ತೀನಿ ಅಂದ್ರ ಈ ಅವ್ವ ಬಿಡಲಿಲ್ಲ," ಎಂದರು ಅವರು ಸಿಡುಕಿನಿಂದ. "ತಾಸೊಪ್ಪತ್ತು ಬಾಗಲಾಗ ಕುಂತು, ನಾಷ್ಟಾ ಮಾಡಾಕೂ ಬಿಡಲಿಲ್ಲ." ಅವರ ಕಣ್ಣು ಗೋಡೆಯ ಮೇಲೆ ನಿಂತಿತು. ಸ್ವಿಚ್ಚಿನ ಹಿಡಿಕೆಗೆ ಬೀಗ ಬಾಯಿ ತೆರೆದು ತೂಗಾಡುತ್ತಿತ್ತು, ಅದರೊಳಗೆ ಒಂದು ಕೀಲಿಕೈ ಇತ್ತು. ನದಾಫರು ಹತ್ತಿರ ಹೋಗಿ ಅದನ್ನು ಹೊರತೆಗೆದು, ಬೀಗ ಒತ್ತಿದರು. ಬೀಗ ಮುಚ್ಚಿತು. ತಮ್ಮ ಜೇಬಿನಿಂದ ಇನ್ನೊಂದು ಕೀಲಿಕೈ ತೆಗೆದು ಹಾಕಿ ತಿರುಗಿಸಿದರು. ತೆರೆಯಿತು.

"ಈ ಬೀಗಕ್ಕ ಒಂದೇ ಕೀಲಿಕೈ ಅಂತ ನಿಮ್ಮ ವರದಿ, ಡಾಕ್ಟ್ರ. ಆ ಒಂದು, ಮುಂಜಾನಿಂದ ನನ್ನ ಜೇಬಿನ್ಯಾಗ ಇತ್ತು. ಇದು ಯಾವುದು?"

ಹಿರೇಗೌಡರ ತನ್ನ ಕೈಯ ಬಳೆಯನ್ನು ಬೆನ್ನ ಹಿಂದೆ ಸರಿಸಿದ. ಉಳಿದ ಕೀಲಿಕೈಗಳು ಒಟ್ಟಿಗೆ ಝಲ್ಲೆಂದವು. ಯಂತ್ರ ಇನ್ನೂ ಗುಂಯ್‌ಗುಡುತ್ತಲೇ ಇತ್ತು.

ಪಡಸಲಗಿಯ ದನಿ ಮೊದಲ ಸಲ ಒಡೆಯಿತು. "ನೀಲಗಂಗಾ, ನೀನಾರ ಹೇಳು. ನಿನ್ನ ಗಂಡ ತಾನ ಬೀಗ ತಗದಾ ಅಂತ ನೀನೂ ಒಪ್ಪಿದ್ದೆಲ್ಲ?"

ನೀಲಗಂಗಾ ಕಿರೀಟ ಕಳಚಿ ಪಡಸಲಗಿಯ ಕೈಯಲ್ಲಿಟ್ಟಳು. ಒಳಗೆ ಕೈಯಿಟ್ಟು ನೋಡಿದಳು. ಸಿಟ್ಟು ಇತ್ತು, ಇಟ್ಟಲ್ಲೇ ಇತ್ತು, ಉರಿಯುತ್ತಿತ್ತು. ಆಮೇಲೆ ಇನ್ನೊಂದು ಮೂಲೆಯನ್ನು ತಡವಿದಳು. ಒಂದು ಬಸ್‌ನಿಲ್ದಾಣ. ಒಬ್ಬ ಗಂಡಸು. ಗಿರಮಿಟ್ಟು, ಉಳ್ಳಾಗಡ್ಡಿ. ಎಲ್ಲವೂ ಅಲ್ಲಿದ್ದವು, ಯಾರದೋ ಮನೆಯ ಗೋಡೆಯ ಮೇಲಿನ ಪಟದಂತೆ.

"ಅತ್ತಿ, ಅವರು ನನಗ ಮೊದಲ ಸಿಕ್ಕಾಗ ಏನಂದ್ರು ಅಂತ ನಿಮಗ ಹೇಳಿದ್ದೆನಲ್ಲ?"

"ಹೂಂ. ಗಾಳಿ ನಮ್ಮ ಮನಿ ನಾಯಿ ಇದ್ದಂಗ ಅಂದಿದ್ನಂತ. ಹೇಳಿ ಹೇಳಿ ನಗತಿದ್ದೆಲ್ಲ ನೀ."

"ಈಗ ನಗಿ ಬರವಲ್ದು."

ಸಂಕವ್ವನ ಕಣ್ಣು ತುಂಬಿತು. ನೀಲಗಂಗಾಳ ಕಣ್ಣಲ್ಲಿ ನೀರಿರಲಿಲ್ಲ. ಆಕೆ ಸೆರಗಿನ ಮರೆಯಲ್ಲಿಟ್ಟಿದ್ದ ಪ್ರಶ್ನಾವಳಿಯನ್ನು ಬಿಡಿಸಿ ಮೇಜಿನ ಮೇಲೆ ಹರಡಿ, ನದಾಫರ ಜೇಬಿನ ಪೆನ್ನಿನ ಕಡೆ ಬೆರಳು ತೋರಿಸಿದಳು.

"ಬರಕೊಳ್ರಿ ಸಾಹೇಬ್ರ. ಕೀಲಿಕೈ ಅವತ್ತು ನನ್ನ ಹತ್ರ ಇತ್ತು, ನನ್ನ ವಗ್ಗರಣಿ ಡಬ್ಬ್ಯಾಗ. ನಿಯಮ ಮುರದಾಕಿ ನಾನು, ಅದನ್ನೂ ಬರೀರಿ. ನಲವತ್ತಮೂರು ಮಂದಿಗೆ ಈ ಪ್ರಶ್ನಿ ಕೇಳಿದಾಕಿನೂ ನಾನ, ಅವರ ಹೆಸರು ಒಂದೊಂದ ಹೇಳ್ತೀನಿ. ಮೊದಲ ಈ ಕಂಪನಿಯವರದು ಬರೀರಿ. ಒಂದು ಕೊಲಿ. ಎರಡು ಕಳವು. ಮೊದಲನೇ ಕಳವು ನನ್ನ ಸಿಟ್ಟು. ಎರಡನೇದು..."

ಆಕೆ ತಡೆದಳು. ಏನೆಂದು ಬರೆಸಬೇಕೋ ಆಕೆಗೆ ಗೊತ್ತಿತ್ತು. ಆ ದಿನದ ಬೆಲೆ ಎಷ್ಟೆಂಬುದು ಮಾತ್ರ ಈಗ ಆಕೆಗೆ ಗೊತ್ತಿರಲಿಲ್ಲ. ಬಲ್ಲವಳೆಂದರೆ ಅತ್ತೆ ಒಬ್ಬಳೇ.

"ಎರಡನೇದನ್ನ ಇವರ ಬಾಯಿಂದ ಕೇಳ್ರಿ," ಎಂದು ಸಂಕವ್ವನ ಕೈ ಹಿಡಿದು ಮುಂದೆ ಎಳೆದು, ಆ ಕುರ್ಚಿಯನ್ನು ಕಾಲಿನಿಂದ ಆಚೆ ಒದ್ದಳು. "ನಿಂತೇ ಹೇಳ್ರಿ ಅತ್ತಿ. ಇದರಾಗ ಇನ್ನ ಯಾರೂ ಕುಂಡ್ರಬಾರದು."